ನಾಳೆಗೆ ಕಾಯದ ನೇರಳೆ

ಕೇಳುಗರೆಲ್ಲರಿಗೂ ನಮಸ್ಕಾರ. ಮೃಗಶಿರ ಮಳೆ ಮುಗಿದು ಆರಿದ್ರಾ ಹಿಡಿದಿರುವ ಈ ವಾರದಲ್ಲಿ, ಬಸವನಗುಡಿ, ಮಲ್ಲೇಶ್ವರ, ಜಯನಗರದಂಥ ಹಳೆಯ ಬಡಾವಣೆಗಳಲ್ಲಿ ಬೆಳಿಗ್ಗೆ ನಡೆದಾಡುವವರು ಒಂದಲ್ಲ ಒಂದು ಮರದ ಕೆಳಗೆ ನೆಲವೆಲ್ಲ ಕಡುನೀಲಿಯಾಗಿರುವುದನ್ನು ನೋಡಿರುತ್ತೀರಿ. ಆ ಮರದ ಹಣ್ಣಿನ ಬಗ್ಗೆ ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು. ನೇರಳೆಯನ್ನು ತಂದ ದಿನವೇ ತಿನ್ನಿ.

ಮಾವು, ಬಾಳೆ, ಸಪೋಟಗಳು ಬಲಿತ ಮೇಲೆ ಕೊಯ್ದರೆ ಮನೆಯ ಮೂಲೆಯಲ್ಲಿ ಹುಲ್ಲು ಹೊದ್ದು ಕುಳಿತು ತಾವಾಗಿಯೇ ಹಣ್ಣಾಗುತ್ತವೆ. ನೇರಳೆಗೆ ಆ ಗುಣವಿಲ್ಲ. ಮರದಲ್ಲಿ ಎಷ್ಟು ಮಾಗಿತ್ತೋ ಅಷ್ಟೇ. ತೊಟ್ಟು ಬಿಟ್ಟ ಗಳಿಗೆಯಿಂದ ಅದಕ್ಕೆ ಇಳಿಗಾಲ. ಸಿಪ್ಪೆ ಬಹಳ ತೆಳು, ಒಳಗೆ ತುಂಬ ರಸ, ಹೀಗಾಗಿ ಎರಡನೆಯ ದಿನಕ್ಕೆ ಮೈ ಸಡಿಲುತ್ತದೆ, ಮೂರನೆಯ ದಿನಕ್ಕೆ ಹುಳಿ ಹಿಡಿಯುತ್ತದೆ.

ಇದನ್ನೆಲ್ಲ ನಾನು ಓದಿದ್ದು ತರಗತಿಯಲ್ಲಿ, ಕಲಿತದ್ದು ಗಾಂಧಿ ಬಜಾರಿನಲ್ಲಿ. ತೋಟಗಾರಿಕೆಯ ಪಾಠ ಹೇಳುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದ ಸಂಗತಿ ಇದು. ಮಾಗಡಿ ಕಡೆಯ ಹಳ್ಳಿಯೊಂದರಿಂದ ಮೊದಲ ಬಸ್ಸಿಗೆ ಬರುತ್ತಿದ್ದ ಒಬ್ಬ ಅಜ್ಜಿ ಅಲ್ಲಿ ಬಿದಿರಿನ ಮಂಕರಿಯಲ್ಲಿ ನೇರಳೆ ಇಟ್ಟುಕೊಂಡು ಕೂರುತ್ತಿದ್ದರು. ಮಂಕರಿಯ ತಳಕ್ಕೆ ಮುತ್ತುಗದ ಎಲೆ, ಮೇಲೆ ಒದ್ದೆ ಬಟ್ಟೆ, ಅಳೆಯುವುದಕ್ಕೆ ಅಂಚು ನೆಗ್ಗಿದ ಒಂದು ಪಾವು. ಮರುದಿನ ಮೈಸೂರಿಗೆ ಹೊರಟಿದ್ದ ನಾನು, ಸೋದರತ್ತೆಯ ಮನೆಗೆ ಕೊಂಡೊಯ್ಯಲೆಂದು ನಾಲ್ಕು ಸೇರು ಕೇಳಿದೆ. ಅಜ್ಜಿ ಪಾವನ್ನು ಮುಟ್ಟಲಿಲ್ಲ.

"ಯಾವಾಗ ತಿಂತೀಯಪ್ಪಾ?" ಎಂದರು.

"ನಾಳೆ ಮಧ್ಯಾಹ್ನ" ಎಂದೆ.

"ಹಂಗಾದ್ರೆ ಬ್ಯಾಡ. ಈಗ ತಿನ್ನಾಕೆ ಎಷ್ಟು ಬೇಕೋ ಅಷ್ಟು ತಗೊ. ನಾಳೆ ಹಣ್ಣ ನಾಳೆ ತತ್ತೀನಿ."

ನಾನು ಇದೇ ವಿಷಯವನ್ನು ಓದಿ ಪದವಿ ಪಡೆದವನೆಂದೂ ಮನೆಯಲ್ಲಿ ಫ್ರಿಜ್ ಇದೆಯೆಂದೂ ವಾದಿಸಿದೆ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಅಳೆದುಕೊಟ್ಟರು. ಮರುದಿನ ಮೈಸೂರಿನಲ್ಲಿ ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದಾಗ, ಮೇಲಿನ ಹಣ್ಣುಗಳ ಭಾರಕ್ಕೆ ಕೆಳಗಿನವು ಒಡೆದು, ತಳದಲ್ಲಿ ಎರಡು ಬೆರಳಿನಷ್ಟು ರಸ ನಿಂತು, ಹುಳಿ ಬಂದ ಹಿಟ್ಟಿನಂಥ ವಾಸನೆ ಎದ್ದಿತು. ಅತ್ತೆ ಏನೊಂದೂ ಅನ್ನದೆ ಡಬ್ಬಿಯನ್ನು ಹಿತ್ತಲಿಗೆ ತೆಗೆದುಕೊಂಡು ಹೋದರು.

ಬೆಂಗಳೂರಿಗೆ ಮರಳಿದವನು ಅಜ್ಜಿಯ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ, ಮೂರು ಹಣ್ಣು ಆರಿಸಿ ಒಂದೊಂದಾಗಿ ಕೈಗಿಟ್ಟರು. ಮೊದಲನೆಯದು ತೊಟ್ಟಿನ ಬಳಿ ಇನ್ನೂ ಕೆಂಪು ಉಳಿದಿದ್ದ ಹಣ್ಣು. ಕಚ್ಚಿದೊಡನೆ ನಾಲಿಗೆ ದೊರಗಾಗಿ ಗಂಟಲು ಹಿಡಿದುಕೊಂಡಿತು. ಎರಡನೆಯದು, ಹಿಂದಿನ ದಿನ ಉಳಿದದ್ದೆಂದು ಅವರು ಪಕ್ಕಕ್ಕೆ ತೆಗೆದಿಟ್ಟಿದ್ದ ಹಣ್ಣು. ಅದರಲ್ಲಿ ಸಿಹಿಯೂ ಇರಲಿಲ್ಲ, ಒಗರೂ ಇರಲಿಲ್ಲ. ಮೂರನೆಯದು ಅಂದು ಬೆಳಗಿನ ಜಾವ ಉದುರಿದ್ದು, ಅದರ ಮೈಗೆ ಒಂದು ಚೂರು ಕೆಮ್ಮಣ್ಣು ಅಂಟಿತ್ತು. ಸೆರಗಿನಲ್ಲಿ ಒರೆಸಿ ಕೊಟ್ಟರು. ಮೊದಲು ಸಿಹಿ ಬಂತು, ಅದರ ಬೆನ್ನಿಗೇ ಸಣ್ಣ ಹುಳಿ, ಎಲ್ಲಕ್ಕೂ ಕೊನೆಗೆ ಹಿತವಾದ ಒಗರು. ಬೀಜಕ್ಕೆ ಅಂಟಿದ ತಿರುಳನ್ನು ಬಿಡಲಾರದೆ ಅದನ್ನು ಬಾಯಲ್ಲೇ ಹೊರಳಿಸುತ್ತ ಮನೆಯವರೆಗೂ ನಡೆದೆ. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ನೇರಳೆ ರಾತ್ರಿ ಕಳೆದಿಲ್ಲ.

ಆದ್ದರಿಂದ ಮಾರುಕಟ್ಟೆಯಲ್ಲಿ ಕೊಳ್ಳುವಾಗ ತೊಟ್ಟಿನ ಕಡೆ ನೋಡಿ. ಅಲ್ಲಿ ಕೆಂಪು ಇದ್ದರೆ ಬೇಡ, ಏಕೆಂದರೆ ಅದು ನಿಮ್ಮ ಮನೆಯಲ್ಲಿ ಕಪ್ಪಾಗುವುದಿಲ್ಲ. ಕಾಲು ಕೆ.ಜಿ. ಕೊಳ್ಳಿ, ಬೇಕಾದರೆ ನಾಳೆ ಮತ್ತೆ ಕಾಲು ಕೆ.ಜಿ. ಕೊಳ್ಳಿ. ತೊಳೆದ ಹಣ್ಣನ್ನು ಬಾಯಗಲದ ಪಾತ್ರೆಗೆ ಹಾಕಿ, ಒಂದು ಚಿಟಿಕೆ ಉಪ್ಪು ಉದುರಿಸಿ, ತಟ್ಟೆ ಮುಚ್ಚಿ ನಾಲ್ಕೈದು ಸಲ ಕುಲುಕಿ. ಸಿಪ್ಪೆ ಅಲ್ಲಲ್ಲಿ ಬಿರಿದು, ಉಪ್ಪು ಒಳಗಿಳಿದು ಒಗರು ತಗ್ಗುತ್ತದೆ. ಬಟ್ಟೆಗೆ ಕಲೆಯಾದರೆ ಕೂಡಲೇ ಸೋಪು ಹಚ್ಚಬೇಡಿ, ಸೋಪಿನ ಕ್ಷಾರಕ್ಕೆ ಆ ಬಣ್ಣ ಇನ್ನಷ್ಟು ನೀಲಿಯಾಗುತ್ತದೆ. ಮೊದಲು ತಣ್ಣೀರು, ಆಮೇಲೆ ನಿಂಬೆರಸ.

ಕಾರಿನ ಮೇಲೆ ಕಲೆ ಬೀಳುತ್ತದೆಂದು ಮನೆಮುಂದಿನ ಮರದ ಕೊಂಬೆ ಕಡಿಸಲು ಅರ್ಜಿ ಕೊಡುವವರು ನನ್ನಲ್ಲಿಗೂ ಸಲಹೆ ಕೇಳಿಕೊಂಡು ಬರುತ್ತಾರೆ. ವರ್ಷದಲ್ಲಿ ಐದಾರು ವಾರ ಕಾರನ್ನು ಇಪ್ಪತ್ತು ಅಡಿ ಆಚೆ ನಿಲ್ಲಿಸಿ ಎಂಬುದಷ್ಟೇ ನನ್ನ ಸಲಹೆ. ಹಾಗೆಯೇ, ನೇರಳೆ ಎಂದೊಡನೆ ಸಕ್ಕರೆ ಕಾಯಿಲೆಯ ಪ್ರಶ್ನೆ ಬರುತ್ತದೆ. ಕಾಯಿಲೆಯ ಮಾತನ್ನು ವೈದ್ಯರ ಬಳಿ ಆಡೋಣ. ದಯವಿಟ್ಟು ಹಣ್ಣನ್ನು ಹಣ್ಣಿನಂತೆ ತಿನ್ನಿ, ತಂದ ದಿನವೇ ತಿನ್ನಿ.

ಇನ್ನು ಕಾಡಿನ ನೇರಳೆ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆ ಊರೊಟ್ಟಿನ ಗುಂಡುತೋಪುಗಳು ಇನ್ನೂ ಕೆಲವು ಉಳಿದಿವೆ. ಅಲ್ಲಿ ಮಾವು, ಹುಣಸೆಗಳ ನಡುವೆ ನಿಂತಿರುವ ನಾಟಿ ನೇರಳೆ ಮರಗಳ ಹಣ್ಣು ಚಿಕ್ಕದು, ಬೀಜವೇ ಹೆಚ್ಚು, ಒಗರೂ ಹೆಚ್ಚು. ಅಂಗಡಿಯ ಜಂಬುನೇರಳೆಯ ಗಾತ್ರ ಅದಕ್ಕಿಲ್ಲ, ಆದರೆ ಪರಿಮಳದಲ್ಲಿ ಅದು ಒಂದು ಕೈ ಮೇಲೆಂದು ನನ್ನ ಎಣಿಕೆ. ಎಲೆಯೊಂದನ್ನು ಕಿವುಚಿ ಮೂಸಿದರೆ ಲವಂಗದ ನಂಟಸ್ತಿಕೆ ಗೊತ್ತಾಗುತ್ತದೆ, ಎರಡೂ ಒಂದೇ ಕುಲದ ಮರಗಳು. ಮರ ಹತ್ತುವುದು ಮಾತ್ರ ಬೇಡ, ನೇರಳೆಯ ಕೊಂಬೆ ನೋಡಲು ದಪ್ಪ, ಮುರಿಯಲು ಸಲೀಸು. ಬಾವಲಿಗಳು ರಾತ್ರಿಯೆಲ್ಲ ತಿಂದು ಹೋದ ಮೇಲೂ ಬೆಳಗಿನ ಗಾಳಿಗೆ ಹೊಸದಾಗಿ ಉದುರುತ್ತವೆ. ಮರದ ಕೆಳಗೊಂದು ಹಳೆಯ ಪಂಚೆ ಹಾಸಿ ಕಾದರೆ ಸಾಕು. ಕಚ್ಚಿದ ಗುರುತಿರುವ ಹಣ್ಣನ್ನು ಅವುಗಳಿಗೇ ಬಿಡಿ.

ಇದೇ ದಿನಗಳಲ್ಲಿ ಅಂಗಡಿಗೆ ಬರುವ ಪ್ಲಮ್ ಹಣ್ಣಿನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಅದು ಗುಲಾಬಿಯ ಕುಟುಂಬಕ್ಕೆ ಸೇರಿದ್ದು. ಹೂ ಬಿಡಲು ಅದಕ್ಕೆ ಚಳಿಗಾಲದ ಕೊರೆತ ಬೇಕು. ಹೀಗಾಗಿ ಹಿಮಾಚಲದಿಂದ, ಇತ್ತ ನೀಲಗಿರಿ ಬೆಟ್ಟಗಳಿಂದ ಬರುತ್ತದೆಯೇ ಹೊರತು ಬೆಂಗಳೂರಿನ ಹಿತ್ತಲಿನಿಂದ ಬರುವುದಿಲ್ಲ. ಬಲಿತ ಪ್ಲಮ್ ಕೊಯ್ದ ಮೇಲೂ ಮಾಗುತ್ತದೆ. ಗಟ್ಟಿ ಹಣ್ಣು ತಂದು, ಬೆರಳಿಗೆ ಮೆತ್ತಗಾಗುವವರೆಗೆ ಎರಡು ಮೂರು ದಿನ ಇಟ್ಟು ತಿನ್ನಬಹುದು. ಇಂದು ಎರಡನ್ನೂ ಕೊಂಡಿದ್ದರೆ ಪ್ಲಮ್ ನಾಳೆಗಿರಲಿ, ನೇರಳೆ ಇಂದಿಗೆ.

ಮನೆಯಲ್ಲಿ ಬೆಳೆಸುವ ವಿಚಾರವನ್ನು ವಿವರವಾಗಿ ಹೇಳಬೇಕೆಂದಿದ್ದೆ, ಸಮಯ ಸಾಲದು. ಮೂವತ್ತು ನಲವತ್ತರ ನಿವೇಶನಕ್ಕೆ ನೇರಳೆ ದೊಡ್ಡ ಮರ, ಸುತ್ತ ಇಪ್ಪತ್ತೈದು ಮೂವತ್ತು ಅಡಿ ಜಾಗವಿದ್ದವರು ಮಾತ್ರ ಹಾಕಿ. ಕಸಿ ಗಿಡವಾದರೆ ಐದಾರು ವರ್ಷಕ್ಕೆ ಫಲ ಕೊಡುತ್ತದೆ, ಬೀಜದ ಗಿಡವಾದರೆ ಎಂಟು ಹತ್ತು ವರ್ಷ ಕಾಯಬೇಕು. ಕೆಲವು ಬೀಜಗಳಿಂದ ಎರಡು ಮೂರು ಸಸಿಗಳು ಒಟ್ಟಿಗೆ ಏಳುವುದೂ ಉಂಟು. ಆದರೆ ಮುಂದಿನ ವರ್ಷಕ್ಕೆಂದು ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಅದು ಮೊಳೆಯುವುದಿಲ್ಲ, ಕೆಲವೇ ವಾರಗಳಲ್ಲಿ ಅದರ ಜೀವ ಹೋಗುತ್ತದೆ. ಹಣ್ಣು ತಿಂದ ದಿನವೇ ಬೀಜ ತೊಳೆದು, ಬೆರಳ ಗೆಣ್ಣಿನಷ್ಟು ಆಳಕ್ಕೆ ಮಣ್ಣಿನಲ್ಲಿಡಿ. ಉಳಿದ ನೀರಿನ ಕೆಲಸವನ್ನು ಈ ಆರಿದ್ರಾ ಮಳೆ ನೋಡಿಕೊಳ್ಳುತ್ತದೆ. ನಮಸ್ಕಾರ.