ಕೂತೇ ಹಳತಾದ ಹೊಸ ಫ್ರೇಮು

ನಮಸ್ಕಾರ. ಸ್ಟ್ಯಾಂಡ್ ಮೇಲಿರೋ ಈ ಹಳೇ ರೇಸಿಂಗ್ ಸೈಕಲ್ ಫ್ರೇಮ್ ನೋಡಿ. ಇಂಗ್ಲೆಂಡಿನದು, 56 ಸೆಂಟಿಮೀಟರ್ ಸೈಜು, ರೆನಾಲ್ಡ್ಸ್ 531 ಪೈಪು. ಹಿಂದಿನ ಡ್ರಾಪ್‌ಔಟ್ (ಚಕ್ರದ ಆಕ್ಸಲ್ ಕೂರೋ ಸೀಳು) ಮೇಲೆ ಆಕ್ಸಲ್ ನಟ್ ಕಚ್ಚಿದ ಗುರುತಿಲ್ಲ, ಬಾಟಮ್ ಬ್ರಾಕೆಟ್ (ಪೆಡಲ್ ಆಕ್ಸಲ್ ಹಾಯೋ ಕೆಳಗಿನ ಗೂಡು) ಒಳಗೆ ಬೇರಿಂಗ್ ಕಪ್ಪು, ಅಂದ್ರೆ ಬಟ್ಟಲು, ಕೂತ ಗೆರೆ ಇಲ್ಲ. ಇದನ್ನ ಯಾರೂ ಒಂದು ಸುತ್ತೂ ತುಳಿದಿಲ್ಲ.

ಹೊಸದೇ ತಾನೆ, ಸಾಮಾನು ತಂದು ಹಾಕಿದ್ರೆ ಆಯ್ತಲ್ಲ ಅನ್ನಿಸುತ್ತೆ. ಲೆಕ್ಕ ತಪ್ಪೋದೇ ಅಲ್ಲಿ. ಆ ಕಾಲದ ರೇಸಿಂಗ್ ಫ್ರೇಮ್‌ಗಳಲ್ಲಿ ಪೇಂಟ್ ಆದಮೇಲಿನ ಕೆಲಸ ಬಹಳಷ್ಟು ಅಂಗಡಿ ಮೆಕ್ಯಾನಿಕ್ ಪಾಲಿಗೆ ಬರ್ತಿತ್ತು. ಥ್ರೆಡ್ಡಿನ ಪೇಂಟ್ ಬಿಡಿಸೋದು, ಹೆಡ್ ಟ್ಯೂಬಿನ (ಫೋರ್ಕ್ ತೂರೋ ಮುಂದಿನ ಪೈಪು) ಬಾಯಿ ಸಮ ಮಾಡೋದು, ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಪೈಪು) ಒಳಗಿನ ಮುಳ್ಳು ತೆಗೆಯೋದು. ಬಳಸದೇ ಉಳಿದ ಫ್ರೇಮ್ ಅಂದ್ರೆ ಈ ಕೆಲಸ ಎಲ್ಲ ಇನ್ನೂ ಬಾಕಿ ಉಳಿದಿದೆ ಅಂತ. ಜೊತೆಗೆ ಇಷ್ಟು ವರ್ಷ ಗಾಳಿಯ ತೇವ ಕುಡಿದಿದೆ, ಅದೂ ನಮ್ಮ ಮಲೆನಾಡಿನ ಗಾಳಿ.

ಸ್ಟ್ಯಾಂಡಿನ ಹಿಡಿ ಎಲ್ಲಿ ಕಚ್ಚಿದೆ ಗಮನಿಸಿ. ಮೇಲಿನ ಪೈಪಿಗಲ್ಲ, ಒಂದು ಹಳೇ ಸೀಟ್‌ಪೋಸ್ಟ್ ತುಂಡಿಗೆ. 531 ಅನ್ನೋದು 1935ರಲ್ಲಿ ಬಂದ ಮ್ಯಾಂಗನೀಸ್-ಮಾಲಿಬ್ಡಿನಂ ಸ್ಟೀಲು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿ ಪಕ್ಕದಲ್ಲೇ ಇರೋ ನಮಗೆ ಮಿಶ್ರಲೋಹ ಅಂದ್ರೆ ಹೊಸ ಮಾತೇನಲ್ಲ. ವಿಶೇಷ ಇರೋದು ಪೈಪಿನ ದಪ್ಪದಲ್ಲಿ. ಡಬಲ್ ಬಟೆಡ್ ಪೈಪು ತುದಿಯಲ್ಲಿ ದಪ್ಪ, ನಡುವೆ ತೆಳು. ಇಟಲಿಯ ಕೊಲಂಬಸ್ ಎಸ್‌ಎಲ್ ತಗೊಂಡ್ರೆ ತುದಿ 0.9 ಮಿಲಿಮೀಟರ್, ನಡುವೆ 0.6. ಆ ತೆಳು ಜಾಗಕ್ಕೆ ಸ್ಟ್ಯಾಂಡ್ ಬಿಗಿದ್ರೆ ತಗ್ಗು ಬಿತ್ತು ಅಂತಲೇ.

ಒಂದು ರೂಪಾಯಿ ಸಾಮಾನು ಕೊಳ್ಳೋ ಮೊದಲು ವರ್ನಿಯರ್ ಕ್ಯಾಲಿಪರ್ ಕೈಗೆತ್ತಿಕೊಳ್ಳಿ. ಮೊದಲ ಅಳತೆ ಬಾಟಮ್ ಬ್ರಾಕೆಟ್ ಶೆಲ್ಲಿನ ಅಗಲ. 68 ಮಿಲಿಮೀಟರ್ ಬಂದ್ರೆ ಹೆಚ್ಚಾಗಿ ಇಂಗ್ಲಿಷ್ ಥ್ರೆಡ್ಡು: 1.37 ಇಂಚು, ಇಂಚಿಗೆ 24 ಸುತ್ತು, ಬಲಗಡೆ ಕಪ್ಪು ಉಲ್ಟಾ ಥ್ರೆಡ್ಡು. 70 ಬಂದ್ರೆ ಇಟಾಲಿಯನ್: 36 ಮಿಲಿಮೀಟರ್, ಎರಡೂ ಕಡೆ ಸೀದಾ ಥ್ರೆಡ್ಡು. ಇಟಾಲಿಯನ್‌ನಲ್ಲಿ ಬಲಗಡೆ ಕಪ್ಪು ತುಳಿತದ ಬಲಕ್ಕೇ ನಿಧಾನಕ್ಕೆ ಬಿಚ್ಚಿಕೊಳ್ಳುತ್ತೆ, ಹಾಗಾಗಿ ಥ್ರೆಡ್‌ಲಾಕ್ ಹಾಕಿ ಚೆನ್ನಾಗಿ ಬಿಗೀಬೇಕು. ಹಳೇ ಫ್ರೆಂಚ್ ಫ್ರೇಮ್‌ದೂ 68 ಇರಬಹುದು, ಥ್ರೆಡ್ ಮಾತ್ರ ಬೇರೆ. ಅದಕ್ಕೇ ಅಗಲ ಒಂದನ್ನೇ ನಂಬಬೇಡಿ, ಕಪ್ಪು ಕೈಯಲ್ಲೇ ಮೂರು ನಾಲ್ಕು ಸುತ್ತು ಹೋಗುತ್ತಾ ನೋಡಿ. ಇದರಲ್ಲಿ 68, ಇಂಗ್ಲಿಷ್.

ಎರಡನೇದು ಹಿಂದಿನ ಡ್ರಾಪ್‌ಔಟ್‌ಗಳ ನಡುವಿನ ಅಂತರ. 120 ಇದ್ರೆ ಐದು ಗೇರಿನ ಕಾಲದ್ದು, 126 ಇದ್ರೆ ಆರು ಏಳು ಗೇರು, 130 ಅಂದ್ರೆ ಎಂಟರಿಂದ ಮೇಲೆ. ನಮ್ಮದು 126. ಸ್ಟೀಲ್ ಆದ್ದರಿಂದ ಅಗಲಿಸಿ 130 ಮಾಡೋಕೆ ಬರುತ್ತೆ, ಅಲ್ಯೂಮಿನಿಯಂನಲ್ಲಿ ಆ ಯೋಚನೆಯನ್ನೇ ಮಾಡಬೇಡಿ. ಸುಮ್ನೆ ಕೈಯಲ್ಲಿ ಎಳೆದು ಹಬ್ ತುರುಕಿದ್ರೂ ಚಕ್ರ ಕೂರುತ್ತೆ. ಆದ್ರೆ ಡ್ರಾಪ್‌ಔಟ್‌ಗಳು ಒಂದಕ್ಕೊಂದು ಸಮಾನಾಂತರ ಉಳಿಯಲ್ಲ, ಆಕ್ಸಲ್ ಮೇಲೆ ಓರೆ ಒತ್ತಡ ಬೀಳುತ್ತೆ, ಒಂದಿನ ತುಂಡಾಗುತ್ತೆ. ನಮ್ಮ ಅಭಿಪ್ರಾಯ ಕೇಳಿದ್ರೆ 126 ಹಾಗೇ ಇರಲಿ, ಏಳು ಗೇರು ಧಾರಾಳ ಸಾಕು.

ಮೂರನೇದು ಸೀಟ್ ಟ್ಯೂಬ್. ಜನ ಹೆಚ್ಚು ಮೋಸ ಹೋಗೋದು ಇಲ್ಲೇ, ಮಾರಾಯ್ರೆ. ಸೀಟ್‌ಪೋಸ್ಟ್ 0.2 ಮಿಲಿಮೀಟರ್ ವ್ಯತ್ಯಾಸದಲ್ಲಿ ಬರುತ್ತೆ: 26.8, 27.0, 27.2. ಬೋಲ್ಟ್ ಹಾಕೋ ಕಿವಿ ಯಾವಾಗಲೋ ಬಿಗಿದು ಒಳಕ್ಕೆ ಬಾಗಿದ್ರೆ ಬಾಯಿ ಹತ್ರ 26.8 ತೋರಿಸುತ್ತೆ, ಎರಡು ಇಂಚು ಕೆಳಗೆ 27.2 ಇರುತ್ತೆ. ಸೀಳಿನ ಕೆಳಗಿನ ಅಳತೆಯೇ ನಿಜವಾದ ಅಳತೆ. ಚಿಕ್ಕ ಪೋಸ್ಟ್ ಹಾಕಿ ಬೋಲ್ಟ್ ಬಿಗಿದ್ರೆ ಆ ಕಿವಿಗಳು ಒಂದಕ್ಕೊಂದು ತಾಗಿ ಬಾಗುತ್ತವೆ, ಅಷ್ಟಾದ್ರೂ ಪೋಸ್ಟ್ ಜಾರೋದು ನಿಲ್ಲಲ್ಲ.

ಫೋರ್ಕಿನ ಲೆಕ್ಕ ಬೇರೆ. ಸ್ಟಿಯರರ್ ಪೈಪಿನ (ಹೆಡ್ ಟ್ಯೂಬ್ ಒಳಗೆ ಹೋಗೋ ಫೋರ್ಕಿನ ಪೈಪು) ಉದ್ದದಲ್ಲಿ ಹೆಡ್ ಟ್ಯೂಬ್ ಉದ್ದ ಕಳೀರಿ. 188ರಲ್ಲಿ 150 ಹೋದ್ರೆ 38 ಉಳೀತು. ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗಿಸೋ ಬೇರಿಂಗ್ ಸೆಟ್ಟು) ಒಟ್ಟು ಎತ್ತರ ಈ 38ರ ಒಳಗೇ ಬರಬೇಕು. 41ರದ್ದು ತಂದ್ರೆ ಲಾಕ್‌ನಟ್ಟಿಗೆ ಥ್ರೆಡ್ಡೇ ಸಿಗಲ್ಲ. 36ರದ್ದಾದ್ರೆ ಪರವಾಗಿಲ್ಲ, ಒಂದು ವಾಷರ್‌ನಲ್ಲಿ ಮುಗಿಯಿತು. ಫೋರ್ಕಿನ ಬುಡದಲ್ಲಿ ಕ್ರೌನ್ ರೇಸ್, ಅಂದ್ರೆ ಬೇರಿಂಗಿನ ಕೆಳಗಿನ ಬಳೆ, ಕೂರೋ ಜಾಗವನ್ನೂ ಅಳೀರಿ. 26.4 ಒಂದು ಪದ್ಧತಿ, 27.0 ಇನ್ನೊಂದು. 27ರ ರೇಸನ್ನ 26.4ರ ಮೇಲೆ ಹಾಕಿದ್ರೆ ಬಳೆ ತರಹ ಲೊಳಕ್ ಅನ್ನುತ್ತೆ. ಮೇಲೆ ಎಷ್ಟು ಬಿಗಿದ್ರೂ ಹ್ಯಾಂಡಲ್ ಆಟ ಹೋಗಲ್ಲ.

ಅಳತೆ ಆಯ್ತು, ಈಗ ತುಕ್ಕು. ಹೊರಗಡೆ ಪೇಂಟ್ ಎಷ್ಟೇ ಮಿಂಚಲಿ, ಬಾಟಮ್ ಬ್ರಾಕೆಟ್ ಒಳಗೆ ಟಾರ್ಚ್ ಬಿಡಿ. ಸೀಟ್ ಟ್ಯೂಬಿನ ಸೀಳಿಂದ, ಸ್ಟೇಗಳ (ಹಿಂದಿನ ಚಕ್ರ ಹಿಡಿಯೋ ತೆಳು ಪೈಪುಗಳು) ಸಣ್ಣ ಗಾಳಿ ತೂತಿಂದ ಒಳಗೆ ಬಂದ ನೀರೆಲ್ಲ ಕೊನೆಗೆ ಸೇರೋದು ಅಲ್ಲಿಗೇ. ಕಂದು ಪುಡಿ ಉದುರಿದ್ರೆ ಹೆದರಬೇಡಿ. ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಬಂದ್ರೆ ಮಾತ್ರ ಆ ಫ್ರೇಮ್ ಬಿಟ್ಟುಬಿಡಿ.

ಥ್ರೆಡ್ ಬಿಡಿಸೋಕೆ ಸರಿಯಾದ ಟ್ಯಾಪ್ ಇದ್ರೆ ಒಳ್ಳೇದು, ಬಲಗಡೆಗೆ ಉಲ್ಟಾ ಟ್ಯಾಪೇ ಬೇಕು. ಬರೀ ಪೇಂಟ್ ಮಾತ್ರ ಇದ್ರೆ ಇನ್ನೊಂದು ದಾರಿ ಇದೆ. ಅದೇ ಥ್ರೆಡ್ಡಿನ ಒಂದು ಹಳೇ ಸ್ಟೀಲ್ ಕಪ್ಪು ತಗೊಂಡು, ಥ್ರೆಡ್ಡಿಗೆ ಅಡ್ಡಲಾಗಿ ಹ್ಯಾಕ್ಸಾದಲ್ಲಿ ಮೂರು ಕಡೆ ಕೊಯ್ಯಿರಿ. ಎಣ್ಣೆ ಬಿಟ್ಟು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ನೋಡಿ, ಆ ಕೊಯ್ತದೊಳಗೆ ಪೇಂಟ್ ಸಿಪ್ಪೆ ಹೇಗೆ ತುಂಬಿಕೊಳ್ತಾ ಇದೆ. ಇದು ಪೇಂಟ್ ಕೆರೆಯುತ್ತೆ ಅಷ್ಟೇ, ಲೋಹ ಕತ್ತರಿಸಲ್ಲ. ಎಲ್ಲಾದ್ರೂ ಗಟ್ಟಿಯಾಗಿ ಹಿಡಿದ್ರೆ ಬಲ ಹಾಕಬೇಡಿ, ಫ್ರೇಮನ್ನ ಲೇತ್ ಕೆಲಸದವರ ಹತ್ರ ಒಯ್ಯಿರಿ.

ಫ್ರೇಮ್ ನೇರ ಇದೆಯಾ ನೋಡೋಕೆ ಒಂದು ದಾರ ಸಾಕು. ಒಂದು ಡ್ರಾಪ್‌ಔಟಿಗೆ ಕಟ್ಟಿ, ಹೆಡ್ ಟ್ಯೂಬ್ ಸುತ್ತಿಸಿ, ಇನ್ನೊಂದು ಡ್ರಾಪ್‌ಔಟಿಗೆ ಬಿಗಿಯಾಗಿ ಎಳೀರಿ. ಸೀಟ್ ಟ್ಯೂಬಿಗೂ ದಾರಕ್ಕೂ ಇರೋ ಸಂದು ಎರಡೂ ಕಡೆ ಅಳೀರಿ. ವ್ಯತ್ಯಾಸ ಒಂದು ಮಿಲಿಮೀಟರ್ ಒಳಗಿದ್ರೆ ಕೈ ಹಾಕೋ ಅಗತ್ಯ ಇಲ್ಲ.

ಇಷ್ಟಾದಮೇಲೆ ಒಳಗಿನ ಎಣ್ಣೆ. ಸಾಮಾನು ಜೋಡಿಸಿದ ಮೇಲೆ ಈ ಕೆಲಸ ಆಗಲ್ಲ, ಮೊದಲೇ ಮಾಡಿ. ಪೇಂಟ್ ಅಂಗಡೀಲಿ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಅಂತ ಕೇಳಿ, ಅಂದ್ರೆ ಕಾಯಿಸಿದ ಅಗಸೆ ಎಣ್ಣೆ. ಒಂದು ಫ್ರೇಮಿಗೆ 60 ಮಿಲಿಲೀಟರ್ ಸಾಕು. ಸೀಟ್ ಟ್ಯೂಬಿಂದ ಸ್ವಲ್ಪ, ಹೆಡ್ ಟ್ಯೂಬ್ ಒಳಗಿನ ತೂತಿಂದ ಸ್ವಲ್ಪ, ಸ್ಟೇಗಳಿಗೆ ಸಿರಿಂಜ್‌ನಲ್ಲಿ. ಆಮೇಲೆ ಫ್ರೇಮನ್ನ ಎಲ್ಲ ದಿಕ್ಕಿಗೂ ನಿಧಾನಕ್ಕೆ ಹೊರಳಿಸಿ. ಬಾಟಮ್ ಬ್ರಾಕೆಟ್ ಕೆಳಗೆ ಬರೋ ಹಾಗೆ ನೇತುಹಾಕಿ, ಅಡಿಗೊಂದು ಡಬ್ಬಿ ಇಡಿ. ಮೊದಮೊದಲು ಇಳಿಯೋದು ಅಡಿಕೆ ಚೊಗರಿನ ಬಣ್ಣದ್ದು, ಅದು ತುಕ್ಕು ಬೆರೆತ ಎಣ್ಣೆ. ಒಣಗೋಕೆ ಬೇಸಿಗೆಯಲ್ಲಿ ಮೂರು ನಾಲ್ಕು ದಿನ ಆದ್ರೆ, ಆಷಾಢದಲ್ಲಿ ಹತ್ತು ದಿನ ಆದ್ರೂ ಅಂಟಂಟು. ಇನ್ನೊಂದು ಮಾತು, ಇದನ್ನ ಮರೀಬೇಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ತಾನಾಗೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ, ಇಲ್ಲ ನೀರಲ್ಲಿ ಅದ್ದಿಡಿ. ಥ್ರೆಡ್ ಮೇಲೆ ಕೂತ ಎಣ್ಣೆ ಗಟ್ಟಿಯಾಗೋ ಮೊದಲೇ ಸೀಮೆಎಣ್ಣೆಯಲ್ಲಿ ಒರೆಸಿಬಿಡಿ.

ಕ್ರೋಮ್ ಮೇಲಿನ ಸಣ್ಣ ಕಲೆಗೆ ಅಲ್ಯೂಮಿನಿಯಂ ಫಾಯಿಲ್ ನೀರಲ್ಲಿ ಅದ್ದಿ ತಿಕ್ಕಿ, ಸಾಕು.

ಹೆಡ್‌ಸೆಟ್ ಕಪ್ಪಿಗೆ ಸುತ್ತಿಗೆ ಬೇಡ, ಓರೆಯಾಗಿ ಹೋಗಿ ಹೆಡ್ ಟ್ಯೂಬಿನ ಬಾಯಿ ಅಗಲ ಮಾಡುತ್ತೆ. ಹಾರ್ಡ್‌ವೇರ್ ಅಂಗಡಿಯ 12 ಎಂಎಂ ಥ್ರೆಡ್ ರಾಡು ಒಂದಡಿ, ಎರಡು ನಟ್ಟು, ದಪ್ಪ ವಾಷರ್‌ಗಳು. ರಾಡನ್ನ ಹೆಡ್ ಟ್ಯೂಬ್ ಒಳಗೆ ತೂರಿಸಿ ನಟ್ಟು ಬಿಗಿಯುತ್ತಾ ಒಂದೊಂದೇ ಕಪ್ಪು ಎಳೀರಿ, ಎರಡನ್ನೂ ಒಟ್ಟಿಗೆ ಎಳೆಯೋಕೆ ಹೋಗಬೇಡಿ. ಒಳಗಿನ ಬಾಲ್ಸ್ ಹೆಚ್ಚಾಗಿ 5/32 ಇಂಚು. ಬಿಡಿ ಬಾಲ್ಸ್ ಆದ್ರೆ ಕಪ್ಪು ತುಂಬ ಜೋಡಿಸಿ, ಒಂದು ವಾಪಸ್ ತೆಗೀರಿ. ಅಷ್ಟು ಸಂದು ಇದ್ರೇನೇ ಅವು ಒಂದಕ್ಕೊಂದು ಉಜ್ಜದೆ ಉರುಳೋದು.

ಬಾಟಮ್ ಬ್ರಾಕೆಟ್ ವಿಷಯದಲ್ಲಿ ಹಳೇ ಸೈಕಲ್ ಪ್ರಿಯರಿಗೆ ನಮ್ಮ ಮೇಲೆ ಸಿಟ್ಟು ಬರಬಹುದು. ಕಪ್ಪು, ಆಕ್ಸಲ್, ಒಂದೊಂದು ಕಡೆ ಕಾಲಿಂಚಿನ 11 ಬಾಲ್ಸು, ಇದು ಆ ಕಾಲದ ಸರಿಯಾದ ಸೆಟ್ಟು, ಒಪ್ಪಿದ್ವಿ. ಆದ್ರೆ ತೀರ್ಥಹಳ್ಳಿ, ಹೊಸನಗರ ಕಡೆ ಮಳೆಗಾಲದಲ್ಲಿ ಓಡಿಸೋದಾದ್ರೆ ಅದನ್ನ ಪದೇ ಪದೇ ಬಿಚ್ಚಿ ಗ್ರೀಸ್ ಬದಲಾಯಿಸ್ತಾ ಕೂರಬೇಕು. ಸೀಲ್ ಆಗಿರೋ ಚೌಕ ಆಕ್ಸಲ್ಲಿನ ಬೇರಿಂಗ್ ಕಾರ್ಟ್ರಿಜ್ ಹಾಕಿ, ಹೊರಗಿಂದ ಏನೂ ಗೊತ್ತಾಗಲ್ಲ. ಚೌಕದ ಇಳಿಜಾರಲ್ಲಿ ಎರಡು ಜಾತಿ, ಜಪಾನಿನ ಜೆಐಎಸ್ ಮತ್ತು ಇಟಲಿಯವರು ಬಳಸೋ ಐಎಸ್‌ಒ. ಐಎಸ್‌ಒ ಆಕ್ಸಲ್ ಮೇಲೆ ಜೆಐಎಸ್ ಕ್ರಾಂಕ್ (ಪೆಡಲ್ ತೋಳು) ಹಾಕಿದ್ರೆ ಅದು ಅತಿಯಾಗಿ ಒಳಗೆ ಹೋಗಿ ತಳ ಮುಟ್ಟುತ್ತೆ. ಬೋಲ್ಟ್ ಬಿಗಿಯಾಯ್ತು ಅನ್ನಿಸುತ್ತೆ, ಕ್ರಾಂಕ್ ಮಾತ್ರ ಸಡಿಲ. ಕ್ರಾಂಕ್ ಬೋಲ್ಟಿಗೆ 35ರಿಂದ 40 ನ್ಯೂಟನ್ ಮೀಟರ್.

ಚಕ್ರಕ್ಕೆ 700ಸಿ, ಅಂದ್ರೆ ಟೈರ್ ಕೂರೋ ವ್ಯಾಸ 622. ನಮ್ಮೂರ ದೊಡ್ಡ ಸೈಕಲ್ಲಿನ 28 ಒಂದೂವರೆ ಟೈರು 635, ಇದಕ್ಕೆ ಬರಲ್ಲ. ಫ್ರೇಮ್ ಮೂಲದಲ್ಲಿ 27 ಇಂಚಿನ ಚಕ್ರಕ್ಕೆ ಮಾಡಿದ್ದಾದ್ರೆ ಆ ರಿಮ್ 630. ಆಗ 700ಸಿ ಹಾಕಿದ್ರೆ ಬ್ರೇಕ್ ಪ್ಯಾಡ್ 4 ಮಿಲಿಮೀಟರ್ ಕೆಳಗೆ ಇಳೀಬೇಕು. ಬ್ರೇಕ್ ಕ್ಯಾಲಿಪರ್ ತೋಳು ಅಷ್ಟುದ್ದ ಇದೆಯಾ ಮೊದಲೇ ನೋಡಿಕೊಳ್ಳಿ. ರಿಮ್ ಅಲ್ಯೂಮಿನಿಯಮ್ಮೇ ಆಗಲಿ, 36 ಕಡ್ಡಿ. ಕ್ರೋಮ್ ಸ್ಟೀಲ್ ರಿಮ್ ಫೋಟೋಗೆ ಚೆಂದ, ಒದ್ದೆಯಾದ್ರೆ ಬ್ರೇಕ್ ಹಿಡಿಯೋದೇ ಇಲ್ಲ ಅನ್ನಬಹುದು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯೋವಾಗ ಅದನ್ನ ಪರೀಕ್ಷೆ ಮಾಡೋಕೆ ಹೋಗಬೇಡಿ. ಹಳೇ ಪ್ಯಾಡ್‌ಗಳೂ ಅಷ್ಟೇ, ಪ್ಯಾಕೆಟ್ ಒಡೆದಿರದಿದ್ರೂ ರಬ್ಬರ್ ಕಲ್ಲಾಗಿರುತ್ತೆ. ಹೊಸ ಪ್ಯಾಡ್ ಹಾಕಿ.

ಗೇರಿನ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ. ಆ ಕಾಲದ ರೇಸ್ ಸೆಟ್ಟಲ್ಲಿ ಮುಂದೆ 52 ಮತ್ತು 42 ಹಲ್ಲು, ಹಿಂದೆ 13ರಿಂದ 21. ಅತಿ ಹಗುರ ಗೇರು 42ಕ್ಕೆ 21, ಅಂದ್ರೆ ಎರಡು ಪಟ್ಟು. ಚಕ್ರದ ಸುತ್ತಳತೆ 2.1 ಮೀಟರ್ ಹಿಡಿದ್ರೆ ಪೆಡಲ್ಲಿನ ಒಂದು ಸುತ್ತಿಗೆ 4.2 ಮೀಟರ್. ಘಾಟಿ ಏರಲ್ಲಿ ಗಂಟೆಗೆ 8 ಕಿಲೋಮೀಟರ್ ಹೋಗ್ತಿದ್ದೀರಿ ಅಂದ್ಕೊಳ್ಳಿ, ನಿಮಿಷಕ್ಕೆ 32 ಸುತ್ತು ಮಾತ್ರ. ಒಂದೊಂದು ಸುತ್ತೂ ಮಂಡಿ ಹಿಂಡುತ್ತೆ. ಆಗುಂಬೆ ಘಾಟಿಯಲ್ಲಿ ಹೇರ್‌ಪಿನ್ ತಿರುವೇ 14. ಮುಂದೆ 39, ಹಿಂದೆ 28 ಹಾಕಿದ್ರೆ ಒಂದು ಸುತ್ತಿಗೆ 2.9 ಮೀಟರ್, ಅದೇ ವೇಗಕ್ಕೆ ನಿಮಿಷಕ್ಕೆ 46 ಸುತ್ತು. ಆರಾಮ ಅಂತ ಅಲ್ಲ, ಕೂತೇ ಏರಬಹುದು.

ಆದ್ರೆ 39 ಎಲ್ಲ ಕ್ರಾಂಕಿಗೂ ಕೂರಲ್ಲ. 144 ಮಿಲಿಮೀಟರ್ ಬೋಲ್ಟ್ ವೃತ್ತದ (ಹಲ್ಲಿನ ಚಕ್ರ ಬಿಗಿಯೋ ಬೋಲ್ಟ್‌ಗಳ ವೃತ್ತ) ಹಳೇ ಇಟಾಲಿಯನ್ ಕ್ರಾಂಕಿಗೆ 41ಕ್ಕಿಂತ ಚಿಕ್ಕದು ಬರಲ್ಲ. 130ರದ್ದಕ್ಕೆ 38ರವರೆಗೂ ಬರುತ್ತೆ. ಹಿಂದಿನ ಡಿರೇಲರ್ (ಚೈನ್ ಸರಿಸಿ ಗೇರು ಬದಲಿಸೋ ಸಾಧನ) ಕೂಡ 28 ಹಲ್ಲು ಮುಟ್ಟಬೇಕು, ಹಳೇ ರೇಸಿಂಗ್ ಡಿರೇಲರ್‌ಗಳು ಬಹುತೇಕ 26ರ ಹತ್ರವೇ ನಿಲ್ತವೆ. ಅದು ನುಂಗಬೇಕಾದ ಚೈನಿನ ಲೆಕ್ಕವೂ ಇದೆ: 52ರಲ್ಲಿ 39 ಕಳೆದ್ರೆ 13, 28ರಲ್ಲಿ 13 ಕಳೆದ್ರೆ 15, ಒಟ್ಟು 28. ಅಷ್ಟು ಸಾಮರ್ಥ್ಯದ್ದೇ ಕೇಳಿ ತಗೊಳ್ಳಿ. ಚೈನ್ ಉದ್ದಕ್ಕೆ ದೊಡ್ಡ ಹಲ್ಲಿಂದ ದೊಡ್ಡ ಹಲ್ಲಿಗೆ ಸುತ್ತಿ, ಡಿರೇಲರ್ ಬಿಟ್ಟು, ಒಂದು ಇಂಚು ಹೆಚ್ಚು ಇಟ್ಟು ಕತ್ತರಿಸಿ. ಗಿಡ್ಡ ಆದ್ರೆ ಏರಿನ ನಡುವೆ ಗೊತ್ತಿಲ್ಲದೆ ದೊಡ್ಡದಕ್ಕೆ ದೊಡ್ಡದು ಹಾಕಿದ ಕ್ಷಣ ಹ್ಯಾಂಗರ್, ಅಂದ್ರೆ ಡಿರೇಲರ್ ತೂಗಿರೋ ಕಿವಿ, ಕಿತ್ತುಬರುತ್ತೆ.

ಕೊನೆಗೆ ಹ್ಯಾಂಡಲ್ ಹಿಡಿಯೋ ಸ್ಟೆಮ್ಮು, ಸೀಟ್‌ಪೋಸ್ಟು. ಎರಡೂ ಅಲ್ಯೂಮಿನಿಯಂ, ಹೋಗೋದು ಸ್ಟೀಲ್ ಒಳಗೆ. ನಡುವೆ ನೀರು ಸೇರಿದ್ರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಬೆಸುಗೆ ಹಾಕಿದ ಹಾಗೆ ಕಚ್ಚಿಕೊಳ್ಳುತ್ತೆ. ಗ್ರೀಸ್ ಜಿಪುಣತನ ಮಾಡದೆ ಬಳೀರಿ. ಸ್ಟೆಮ್ ಮೇಲಿನ ಕನಿಷ್ಠ ಆಳದ ಗೆರೆ ಹೊರಗೆ ಕಾಣಬಾರದು.

ಮೊದಲ ಓಟಕ್ಕೆ ಘಾಟಿ ಬೇಡ. ಶಿವಮೊಗ್ಗದಿಂದ ಗಾಜನೂರು ದಾಟಿ ಸಕ್ರೆಬೈಲಿನವರೆಗೆ ಹೋಗಿ ಬನ್ನಿ, ತುಂಗೆ ಬದಿಯ ಹೆಚ್ಚು ಏರಿಲ್ಲದ ರಸ್ತೆ. ವಾಪಸ್ ಬಂದು ಕ್ರಾಂಕ್ ಬೋಲ್ಟ್, ಹೆಡ್‌ಸೆಟ್ ಎರಡನ್ನೂ ಮತ್ತೆ ನೋಡಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ತಳ್ಳಿದಾಗ ಟಕ್ ಅಂದ್ರೆ ಹೆಡ್‌ಸೆಟ್ ಕೂತು ಸಡಿಲವಾಗಿದೆ ಅಂತ.

ಮಳೆಯಲ್ಲಿ ನೆನೆದು ಬಂದ ದಿನ ಸೀಟ್‌ಪೋಸ್ಟಿಗೆ ಎತ್ತರದ ಗುರುತಾಗಿ ಟೇಪ್ ಸುತ್ತಿ, ಹೊರಗೆಳೆದು, ಸೈಕಲ್ ತಲೆಕೆಳಗೆ ಮಾಡಿ ರಾತ್ರಿ ಬಿಡಿ. ಬೆಳಿಗ್ಗೆ ನೆಲದ ಮೇಲೆ ಒಂದು ಚಮಚದಷ್ಟು ನೀರು ಕಂಡ್ರೆ, ಅದು ಸೀಳಿಂದ ಇಳಿದದ್ದು. ಆ ಸೀಳಿಗೆ ಹಳೇ ಟ್ಯೂಬಿನ ಒಂದು ಇಂಚು ಬಳೆ ಕತ್ತರಿಸಿ, ಪೋಸ್ಟ್ ಮೇಲಿಂದ ಇಳಿಸಿ ಮುಚ್ಚಿ.