ಮುಂಭಾಗ ಜುಲುದು, ಹಿಂಭಾಗ ನ್ಯೂಬಿಯನ್‌ದು

ಕೇಳುಗರಿಗೆ ನಮಸ್ಕಾರ. ಡೆಸ್ಟ್ರಾಯರ್, ಅಂದರೆ ವೇಗದ ಸಣ್ಣ ಯುದ್ಧನೌಕೆ, ಅಂದ ಕೂಡಲೇ ಎಲ್ಲರೂ ಕೇಳುವುದು ತೋಪು ಎಷ್ಟು, ವೇಗ ಎಷ್ಟು ಅಂತ. ಅದಿರಲಿ. ಇವತ್ತು ಅಡ್ಡಗೋಡೆಯ ಮಾತು, ಜೊತೆಗೆ ಜುಲು, ನ್ಯೂಬಿಯನ್ ಅನ್ನೋ ಎರಡು ಮುರಿದ ಡೆಸ್ಟ್ರಾಯರ್‌ಗಳು ಸೇರಿ ಒಂದಾದ ಕಥೆ. ಹಡಗಿನೊಳಗೆ ಈ ಪಕ್ಕದಿಂದ ಆ ಪಕ್ಕಕ್ಕೆ, ನೀರು ಜಿನುಗದಂತೆ ನಿಲ್ಲಿಸಿದ ಉಕ್ಕಿನ ಗೋಡೆ. ಒಂದು ಕೋಣೆಗೆ ನೀರು ನುಗ್ಗಿದರೂ ಪಕ್ಕದ್ದು ಒಣಗಿರಬೇಕು, ಅಷ್ಟೇ ಅದರ ಕೆಲಸ.

ಆ ಎರಡೂ ಸೇರಿದ್ದ ಬ್ರಿಟನ್ನಿನ ಟ್ರೈಬಲ್ ವರ್ಗದ ಹಡಗುಗಳನ್ನು ನೋಡಿ. ಆಗಿನ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಫಿಶರ್‌ಗೆ 33 ನಾಟ್ ವೇಗ ಬೇಕಿತ್ತು, ಅಂದರೆ ಗಂಟೆಗೆ 61 ಕಿಲೋಮೀಟರ್. ಕಲ್ಲಿದ್ದಲು ಬಿಟ್ಟು ಎಣ್ಣೆ ಹಾಕಿದರು, ಟರ್ಬೈನ್ ಕೂರಿಸಿದರು. ವೇಗವೇನೋ ಬಂತು, ಹಸಿವು ಮಾತ್ರ ಬಕಾಸುರನದು. ಎಣ್ಣೆ ತುಂಬಿಸಿಕೊಳ್ಳಲು ಮೂರು ಮೈಲಿ ಹೋಗಿ ಬರುವುದಕ್ಕೇ ಇದೇ ವರ್ಗದ ಅಫ್ರಿಡಿ, ಅಮೆಜಾನ್ ಎರಡೂ ತಲಾ 9.5 ಟನ್ ಎಣ್ಣೆ ಸುಟ್ಟವು! ವಿವರವಾದ ವಿನ್ಯಾಸವನ್ನು ಕಟ್ಟುವ ಕಂಪನಿಗಳಿಗೇ ಬಿಟ್ಟಿದ್ದರು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ವೈಕಿಂಗ್ ಅನ್ನೋ ಹಡಗಿಗಂತೂ ಆರು ಹೊಗೆಕೊಳವೆ. ನ್ಯೂಬಿಯನ್ ಕಟ್ಟಿದ್ದು ಥಾರ್ನಿಕ್ರಾಫ್ಟ್, ಜುಲು ಕಟ್ಟಿದ್ದು ಹಾಥಾರ್ನ್ ಲೆಸ್ಲಿ. ಎರಡೂ ನೀರಿಗಿಳಿದದ್ದು 1909ರಲ್ಲಿ.

ಮೊದಲ ಮಹಾಯುದ್ಧದ ಕಾಲ, 1916ರ ಅಕ್ಟೋಬರ್ 27. ಇಂಗ್ಲೆಂಡ್, ಫ್ರಾನ್ಸ್ ನಡುವಿನ ಡೋವರ್ ಜಲಸಂಧಿಯಲ್ಲಿ ಜರ್ಮನ್ನರ ಟಾರ್ಪಿಡೊ ನ್ಯೂಬಿಯನ್‌ಗೆ ಬಡಿಯಿತು. ದಡಕ್ಕೆ ಎಳೆದು ತರುವಾಗ ಹಗ್ಗ ಹರಿದು, ಬಿರುಗಾಳಿಗೆ ಸಿಕ್ಕಿ ನೆಲಕಚ್ಚಿತು; ಮುಂಭಾಗ ಹೋಯಿತು. ಹನ್ನೆರಡೇ ದಿನ ಕಳೆದಿತ್ತು, ನವೆಂಬರ್ 8ರಂದು ಜುಲು ಮೈನ್, ಅಂದರೆ ನೀರಲ್ಲಿ ಹುದುಗಿಸಿಟ್ಟ ಸಿಡಿಗುಂಡು, ತಾಗಿ ಹಿಂಭಾಗ ಕಳೆದುಕೊಂಡಿತು. ಉಳಿದ ತುಂಡನ್ನು ಫ್ರಾನ್ಸಿನ ಕ್ಯಾಲೆಗೆ ಎಳೆದು ತಂದರು. ಇಂಜಿನ್ನಿಲ್ಲದ, ಬಾಲವಿಲ್ಲದ ಹಡಗು ತೇಲಿದ್ದು ಹೇಗೆ? ಅಡ್ಡಗೋಡೆ, ಸ್ವಾಮಿ, ಅಡ್ಡಗೋಡೆ.

ಎರಡು ತುಂಡುಗಳನ್ನೂ ಇಂಗ್ಲೆಂಡಿನ ಚಾಥಮ್ ಹಡಗು ಕಾರ್ಖಾನೆಯಲ್ಲಿ ಒಂದು ಮಾಡಿದರು. ಅಗಲದಲ್ಲಿ ಮೂರೂವರೆ ಅಂಗುಲ ವ್ಯತ್ಯಾಸ, ಅಂದರೆ ಒಂದೊಂದು ಪಕ್ಕಕ್ಕೆ ಒಂದೂಮುಕ್ಕಾಲು. ಅಷ್ಟೇನಾ ಅನ್ನಬೇಡಿ. ಹಡಗಿನ ಮೈಯಲ್ಲಿ ಅಷ್ಟು ದಪ್ಪದ ಮೆಟ್ಟಿಲು ಉಳಿದರೆ, ಅಲೆ ಹತ್ತಿಳಿದು ಮೈ ಬಾಗಿದಾಗಲೆಲ್ಲ ಒತ್ತಡ ಅಲ್ಲಿಗೇ ಸೇರುತ್ತದೆ. ಆಗ ಹಡಗು ಕಟ್ಟುವುದು ವೆಲ್ಡಿಂಗಿನಿಂದಲ್ಲ, ತಗಡುಗಳನ್ನು ಬಿಗಿಯುವ ರಿವೆಟ್ ಮೊಳೆಯಿಂದ. ರಿವೆಟ್ ಸಡಿಲಾದರೆ ಸೋರಿಕೆ ಶುರು. ಅದಕ್ಕೇ ವ್ಯತ್ಯಾಸವನ್ನು ಒಂದೇ ಕಡೆ ನಿಲ್ಲಿಸದೆ ಹಡಗಿನ ಮೈಗೆ ಆಕಾರ ಕೊಡುವ ಹಲವು ಪಕ್ಕೆಲುಬುಗಳಿಗೆ ಹಂಚಿ, ತಗಡನ್ನು ಮೆಲ್ಲಗೆ ಇಳಿಜಾರು ಮಾಡಬೇಕು. ತಳದ ಬೆನ್ನೆಲುಬು ಮಾತ್ರ ಒಂದೇ ಗೆರೆಯಲ್ಲಿರಬೇಕು.

ಹೆಸರನ್ನೂ ಜೋಡಿಸಿಬಿಟ್ಟರು: ಜುಬಿಯನ್. ಜನ ನಗುತ್ತಾರೆ, ನಗಲಿ.

ಸಮಯ ಆಗುತ್ತಿದೆಯಂತೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. 1917ರ ಜೂನ್ 7ರಂದು ಜುಬಿಯನ್ ಸೇವೆಗೆ ಸೇರಿ ಡೋವರ್ ಗಸ್ತಿಗೆ ಹೋಯಿತು. 1918ರ ಫೆಬ್ರುವರಿಯಲ್ಲಿ ಜರ್ಮನ್ನರ ಯುಸಿ-50 ಜಲಾಂತರ್ಗಾಮಿಯನ್ನು ಮುಳುಗಿಸಿದ ಕೀರ್ತಿ ಆಗ ಇದಕ್ಕೇ ಸಂದಿತು. ಮರುವರ್ಷ, ಯುದ್ಧ ಮುಗಿದ ಮೇಲೆ, ಗುಜರಿಗೆ ಮಾರಿದರು. ನಮಸ್ಕಾರ.