ಕೆಂಪು ಚುಕ್ಕೆಯಾಚೆ: ಸ್ತರಭಂಗದ ಆಕಾರ ಮತ್ತು ನೆಲದ ನಡುಕ

ಶಿವಮೊಗ್ಗದ ವಿಜ್ಞಾನಾಸಕ್ತ ಬಂಧುಗಳೇ,

2023ರ ಫೆಬ್ರವರಿ 6ರಂದು ಟರ್ಕಿಯಲ್ಲಿ 7.8 ಪರಿಮಾಣದ ಭೂಕಂಪವಾದಾಗ ಪತ್ರಿಕೆಗಳು ಅಚ್ಚುಹಾಕಿದ ನಕಾಶೆ ತಮಗೆ ನೆನಪಿರಬಹುದು: ಒಂದು ಕೆಂಪು ಚುಕ್ಕೆ, ಸುತ್ತ ಉಂಗುರಗಳು. ಆ ಚುಕ್ಕೆಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದ ಅಂತಾಕ್ಯ ನಗರ ಹಾಳಾದದ್ದು ಏಕೆಂಬುದನ್ನು ಉಂಗುರಗಳು ಹೇಳುವುದಿಲ್ಲ. ಚುಕ್ಕೆಯು ಸೀಳು ಹುಟ್ಟಿದ ಜಾಗವನ್ನಷ್ಟೇ ತೋರಿಸುತ್ತದೆ. ಸ್ತರಭಂಗವೆಂದರೆ ನೆಲದೊಳಗಿನ ಬಂಡೆಯ ಎರಡು ಬದಿಗಳು ಒಂದನ್ನೊಂದು ಉಜ್ಜಿ ಜಾರುವ ಬಿರುಕು. ಅಂದು ಸೀಳು ಒಂದು ಕವಲು ಸ್ತರಭಂಗದಲ್ಲಿ ಹುಟ್ಟಿ, ಪೂರ್ವ ಅನಟೋಲಿಯಾದ ಮುಖ್ಯ ಸ್ತರಭಂಗವನ್ನು ಸೇರಿ, ಎರಡೂ ದಿಕ್ಕಿಗೆ ಓಡಿ, ನೈಋತ್ಯದಲ್ಲಿ ಅಂತಾಕ್ಯದ ಸಮೀಪಕ್ಕೆ ಬಂದು ನಿಂತಿತು. ನಗರದ ಅಡಿಯಲ್ಲಿದ್ದ ನದಿಯ ಮೆತ್ತನೆಯ ಮಣ್ಣು ಉಳಿದದ್ದನ್ನು ಮುಗಿಸಿತು.

ಮಳೆಗಾಲಕ್ಕೆ ಮುಂಚೆ ಸೌದೆ ಸೀಳಿದ ಮಲೆನಾಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎಳೆ ನೇರವಿರುವ ಕೊರಡು ಒಂದೇ ಏಟಿಗೆ ಬಾಯಿ ಬಿಡುತ್ತದೆ. ಗಂಟು ಎದುರಾದಲ್ಲಿ ಸೀಳು ತಿರುಗುತ್ತದೆ, ಇಲ್ಲವೇ ನಿಲ್ಲುತ್ತದೆ. ಬಂಡೆಯಲ್ಲಿ ಸೀಳು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಅದು ಹೊಮ್ಮಿಸುವ ಅಡ್ಡ ಅಲೆಗಳ (ಸಾಗುವ ದಿಕ್ಕಿಗೆ ಅಡ್ಡಲಾಗಿ ನೆಲವನ್ನು ಅಲುಗಿಸುವ ಅಲೆಗಳ) ವೇಗ ಅದಕ್ಕಿಂತ ತುಸುವೇ ಹೆಚ್ಚು. ಆದುದರಿಂದ ಸೀಳು ಓಡಿಬರುವ ದಿಕ್ಕಿನಲ್ಲಿರುವ ಊರಿಗೆ, ದಾರಿಯುದ್ದಕ್ಕೂ ಬೇರೆ ಬೇರೆ ಕ್ಷಣಗಳಲ್ಲಿ ಹೊರಟ ಅಲೆಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದು ಒಂದೆರಡು ಭಾರೀ ನೂಕುಗಳಾಗಿ ಅಪ್ಪಳಿಸುತ್ತವೆ. ಬೆನ್ನ ಹಿಂದಿನ ಊರಿಗೆ ಅದೇ ಶಕ್ತಿ ಹೆಚ್ಚು ಹೊತ್ತಿಗೆ ಹರಡಿಕೊಂಡು ತಲುಪುತ್ತದೆ. ಮ್ಯಾನ್ಮಾರ್‌ನ ಸಗಾಯಿಂಗ್ ಸ್ತರಭಂಗ ಅಸಾಧಾರಣವಾಗಿ ನೇರ. 2025ರ ಮಾರ್ಚ್ 28ರ ಭೂಕಂಪದಲ್ಲಿ ಅಲ್ಲಿ ಸೀಳು ಕೆಲವೆಡೆ ಅಡ್ಡ ಅಲೆಗಳನ್ನೇ ಹಿಂದಿಕ್ಕಿತು.

ಸ್ತರಭಂಗ ವಾಲಿದ್ದರೆ ಲೆಕ್ಕ ಮತ್ತೆ ಬದಲಾಗುತ್ತದೆ. ತೈವಾನಿನಲ್ಲಿ 1999ರ ಸೆಪ್ಟೆಂಬರ್ 21ರ ಭೂಕಂಪದಲ್ಲಿ ಪೂರ್ವಕ್ಕೆ ವಾಲಿದ ಚೆಲುಂಗ್ಪು ಸ್ತರಭಂಗದ ಮೇಲೆ ಕುಳಿತ ಬಂಡೆ ಮೇಲಕ್ಕೇರಿ, ಶಿಕಾಂಗ್ ಅಣೆಕಟ್ಟೆಯನ್ನು ಒಂದು ತುದಿಯಲ್ಲಿ ಮುರಿದು ಎತ್ತಿಹಾಕಿತು. ಸ್ತರಭಂಗದ ಗೆರೆಗೆ ಎರಡೂ ಕಡೆ ಸಮದೂರದಲ್ಲಿರುವ ಎರಡು ಮನೆಗಳಲ್ಲಿ, ಇಳಿಜಾರಿನ ಮೇಲಿನ ಬಂಡೆಯ ಮೇಲಿರುವ ಮನೆಯೇ ಹೆಚ್ಚು ಅಲುಗುತ್ತದೆ. ಜಾರುವ ಮೇಲ್ಮೈ ಅದರ ಕಾಲಡಿಯಲ್ಲೇ ಹಾಸಿರುತ್ತದೆ, ಬೆಣೆಯಾಕಾರದ ಆ ಬಂಡೆಯಲ್ಲಿ ಅಲೆಗಳು ಸಿಕ್ಕಿಕೊಂಡು ಪುಟಿಯುತ್ತವೆ.

ಈ ನಡುಕದ ಮಾದರಿಯನ್ನು ಗಣಕದಲ್ಲಿ ಕಟ್ಟಲು ಎರಡು ದಾರಿಗಳಿವೆ. ಎಲ್ಲಿ, ಯಾವಾಗ, ಎಷ್ಟು ಜಾರಿತೆಂಬುದನ್ನು ನಾವೇ ಮೊದಲು ಬರೆದುಕೊಟ್ಟು ಅಲೆಗಳನ್ನು ಲೆಕ್ಕಹಾಕುವುದು ಒಂದು. ಸ್ತರಭಂಗದ ಆಕಾರ, ಬಂಡೆಯೊಳಗಿನ ಒತ್ತಡ ಮತ್ತು ಘರ್ಷಣೆಯ ನಿಯಮವನ್ನಷ್ಟೇ ಕೊಟ್ಟು, ಸೀಳು ಎಲ್ಲಿಗೆ ಹೋಗಿ ಎಲ್ಲಿ ನಿಲ್ಲಬೇಕೆಂಬುದನ್ನು ಭೌತಶಾಸ್ತ್ರಕ್ಕೇ ಬಿಡುವುದು ಇನ್ನೊಂದು. ಆಕಾರದ ಪ್ರಭಾವ ನಿಜವಾಗಿ ಕಾಣುವುದು ಎರಡನೆಯದರಲ್ಲಿ, ಏಕೆಂದರೆ ಒಂದು ಬಾಗು ಬಂದೊಡನೆ ಮೇಲ್ಮೈಯನ್ನು ಒತ್ತಿಹಿಡಿಯುವ ಬಲವೂ ಜಾರಿಸುವ ಬಲವೂ ಬದಲಾಗಿ, ಸೀಳು ತಡವರಿಸುತ್ತದೆ ಅಥವಾ ಜಿಗಿಯುತ್ತದೆ. ಅಂಥ ಪ್ರತಿ ತಡವರಿಕೆಯೂ ಕ್ಷಿಪ್ರ ಕಂಪನಗಳನ್ನು ಹೊಮ್ಮಿಸುತ್ತದೆ. ಸೌದೆಯ ಗಂಟು ಸೀಳುವಾಗ ಚಟಾರನೆ ಸದ್ದಾಗುವಂತೆ ಎನ್ನಬಹುದು.

ಈ ಕ್ಷಿಪ್ರ ಕಂಪನಗಳನ್ನು ಲೆಕ್ಕಹಾಕುವುದರಲ್ಲೇ ತೊಡಕಿದೆ. ಅಲೆಗಳ ವೇಗ ಸೆಕೆಂಡಿಗೆ 500 ಮೀಟರ್ ಇರುವ ಮಣ್ಣಿನಲ್ಲಿ, ಸೆಕೆಂಡಿಗೆ ಒಂದು ಬಾರಿ ತೂಗುವ ಅಲೆಯ ಉದ್ದ 500 ಮೀಟರ್. ಅದನ್ನು ಹಿಡಿಯಲು, ಗಣಕವು ನೆಲವನ್ನು ತುಂಡುಮಾಡಿ ನೋಡುವ ಜಾಲರಿಯ ಕಣ್ಣು 50ರಿಂದ 100 ಮೀಟರ್ ಇರಬೇಕು. ಸೆಕೆಂಡಿಗೆ ಹತ್ತು ಬಾರಿ ಅಲುಗುವ ಅಲೆಗೆ 5ರಿಂದ 10 ಮೀಟರಿನ ಕಣ್ಣು ಬೇಕು, ಅಂದರೆ ಅದೇ ಜಾಗಕ್ಕೆ ಸಾವಿರಪಟ್ಟು ಕಣ್ಣುಗಳು. ಎತ್ತರದ ಕಟ್ಟಡ, ಉದ್ದನೆಯ ಸೇತುವೆಗಳು ನಿಧಾನದ ತೂಗಾಟಕ್ಕೆ ಸ್ಪಂದಿಸುವುದರಿಂದ ಅವುಗಳ ವಿಷಯದಲ್ಲಿ ಇಂದಿನ ಮಾದರಿಗಳು ನೆಚ್ಚುವಂತಿವೆ. ನಮ್ಮ ಜಂಬಿಟ್ಟಿಗೆ ಗೋಡೆಯ ಹೆಂಚಿನ ಮನೆಗಳು ಗಿಡ್ಡ, ಪೆಡಸು. ಅವು ಕ್ಷಿಪ್ರ ಕಂಪನಕ್ಕೇ ಹೆದರಬೇಕಾದವು. ಸ್ತರಭಂಗದ ಉಬ್ಬುತಗ್ಗುಗಳ ಸೂಕ್ಷ್ಮ ವಿವರ ಅತಿ ಹೆಚ್ಚು ಬೇಕಾಗುವುದೂ ಅದಕ್ಕೇ.

ಮಲೆನಾಡು ಟರ್ಕಿಯಲ್ಲ. ಆದರೂ ಇದೇ ಸಹ್ಯಾದ್ರಿಯ ಸಾಲಿನ ಕೊಯ್ನಾದಲ್ಲಿ 1967ರ ಡಿಸೆಂಬರ್ 11ರಂದು ನೆಲ ನಡುಗಿತು. 1993ರ ಸೆಪ್ಟೆಂಬರ್ 30ರಂದು ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡ ಭೂಕಂಪದ ನೆಲೆ, ಮಹಾರಾಷ್ಟ್ರದ ಕಿಲ್ಲಾರಿಯಂತೂ ಆಗಿನ ವಲಯ ನಕಾಶೆಯಲ್ಲಿ ಅತಿ ಕಡಿಮೆ ಅಪಾಯದ ಜಾಗದಲ್ಲಿತ್ತು. ಆಕಾರವೇ ಮೊದಲು ತಿಳಿಯದ ಇಂಥ ನೆಲದಲ್ಲಿ ಮಾದರಿಕಾರರು ವಾಲುವ ಕೋನವನ್ನು 30, 45, 60 ಡಿಗ್ರಿಗಳೆಂದು ಬದಲಿಸುತ್ತ, ಸೀಳು ಹುಟ್ಟುವ ಜಾಗವನ್ನು ಅತ್ತಿತ್ತ ಸರಿಸುತ್ತ ನೂರಾರು ಸಲ ಲೆಕ್ಕ ಓಡಿಸುತ್ತಾರೆ. ಕೊನೆಗೆ ಎಂಜಿನಿಯರ್ ಕೈಗೆ ಬರುವುದು ನಡುಕದ ಕನಿಷ್ಠದಿಂದ ಗರಿಷ್ಠದವರೆಗಿನ ಒಂದು ಹರವು, ಮತ್ತು ಆ ಹರವಿನಲ್ಲಿ ಎಷ್ಟು ಪಾಲು ಕೋನದಿಂದ, ಎಷ್ಟು ಪಾಲು ಸೀಳಿನ ದಿಕ್ಕಿನಿಂದ ಬಂದಿತೆಂಬ ಲೆಕ್ಕ.